ಟಕ್ ಎಂದಾಗ ಎತ್ತಿದ ಬೆರಳು

ಫೆಬ್ರವರಿ 11

ಮಗಳೇ,

ಮೊನ್ನೆ ನೀನು ಫೋನು ಮಾಡಿದಾಗ "ಹೂಂ, ಚೆನ್ನಾಗಿದೀನಿ, ಇಡ್ತೀನಿ" ಎಂದು ಮೂರೇ ಮಾತಿಗೆ ಮುಗಿಸಿದೆನೆಂದು ಮುಖ ಊದಿಸಿಕೊಂಡು ಕೂತಿರಬೇಡ. ಲೈನು ಸರಿಯಿರಲಿಲ್ಲ. ನನಗೆ ಕಾಗದವೇ ಸರಿ ಎಂದು ಎಷ್ಟು ಸಲ ಹೇಳಿದ್ದೇನೆ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಬಹುದು.

ವಿಷಯ ಇಷ್ಟು. ಗಿರಣಿಯವರು ನನಗೆ ನೋಟಿಸು ಕೊಟ್ಟಿದ್ದಾರೆ. ಇಪ್ಪತ್ತಾರು ವರ್ಷ ಅದೇ ನೇಯ್ಗೆ ಶೆಡ್ಡಿನಲ್ಲಿ, ಅದೇ ಏಳನೇ ನಂಬರಿನ ಮಗ್ಗದ ಮುಂದೆ ನಿಂತವಳಿಗೆ. ಜನವರಿಯಲ್ಲಿ ನೂಲಿನ ಉರುಳೆ ಸಾಗಿಸಲು ಹೊಸ ಬ್ಯಾಟರಿ ಗಾಡಿ ತಂದರು. ಅದು ಹಿಂದಕ್ಕೆ ಬರುವಾಗ ಪೀ ಪೀ ಎಂದು ಕೂಗುತ್ತದಂತೆ. ಹೋದ ಮಂಗಳವಾರ ನಾನು ಮಗ್ಗದ ಮೇಲೆ ಬಗ್ಗಿ, ಹರಿದ ಎಳೆ ಕಟ್ಟುತ್ತಿದ್ದೆ. ಬೆನ್ನು ದಾರಿಯ ಕಡೆಗಿತ್ತು. ಗಾಡಿ ಹಿಮ್ಮುಖವಾಗಿ ನನ್ನ ಬೆನ್ನ ಕಡೆಗೆ ಬಂತು. ನಾನು ಜಾಗ ಬಿಡಲಿಲ್ಲ. ಗಾಡಿಯವನು ನನ್ನನ್ನು ತಪ್ಪಿಸಲು ಪಕ್ಕಕ್ಕೆ ತಿರುಗಿಸಿ ಹನ್ನೆರಡನೇ ಮಗ್ಗಕ್ಕೆ ಗುದ್ದಿದ. ಮಗ್ಗದ ಚೌಕಟ್ಟು ಸೀಳಿತು, ಅವನ ಮಣಿಕಟ್ಟು ಉಳುಕಿತು. ನನಗೆ ಏನೂ ಆಗಿಲ್ಲ, ಹೆದರಬೇಡ.

ನೋಟಿಸಿನಲ್ಲಿ "ಎಚ್ಚರಿಕೆಯ ಸದ್ದನ್ನು ಬೇಕೆಂದೇ ಅಲಕ್ಷಿಸಿ" ಎಂದು ಬರೆದಿದ್ದಾರೆ. ಬೇಕೆಂದೇ ಅಂತೆ. ಬೆನ್ನ ಹಿಂದೆ ಗಾಡಿ ಬರುತ್ತಿದ್ದರೆ ಬೇಕೆಂದೇ ನಿಲ್ಲಲು ನನಗೇನು ತಲೆ ಕೆಟ್ಟಿದೆಯೇ? ಏಪ್ರಿಲ್ 24ಕ್ಕೆ ವಿಚಾರಣೆ. ತಪ್ಪು ನನ್ನದೆಂದಾದರೆ ಕೆಲಸದಿಂದ ತೆಗೆದುಹಾಕುತ್ತಾರೆ. ಮ್ಯಾನೇಜರು ಕರೆದು, ಈಗಲೇ ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ನೋಡೋಣ ಎಂದರು. ಮಾಡದ ತಪ್ಪಿಗೆ ಯಾವ ಬಾಯಲ್ಲಿ ಒಪ್ಪಿಕೊಳ್ಳಲಿ ಎಂದು ಕೇಳಿ ಎದ್ದು ಬಂದೆ.

ನೀನು ಊಟ ಬಿಟ್ಟು ಕೂರಬೇಡ. ಇದು ನನ್ನ ಜಗಳ.

ನಿನ್ನ ಅಮ್ಮ

·

ಫೆಬ್ರವರಿ 18

ಅಮ್ಮ,

ನಿನ್ನ ಜಗಳ ನಿನ್ನದೇ ಇರಲಿ, ಆದರೆ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡು. ಆ ಗಾಡಿಯ ಕೂಗು ನಿನಗೆ ಕೇಳಿಸಿತೇ? ಇಡೀ ಕಾಗದದಲ್ಲಿ "ಕೂಗುತ್ತದಂತೆ" ಎಂದು ಬರೆದಿದ್ದೀಯೇ ಹೊರತು ಕೂಗಿತು ಎಂದು ಎಲ್ಲೂ ಬರೆದಿಲ್ಲ.

ನಲವತ್ತು ಮಗ್ಗಗಳ ನಡುವೆ ಇಪ್ಪತ್ತಾರು ವರ್ಷ ನಿಂತವರ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸದ್ದುಗಳನ್ನು. ದಪ್ಪ ಸದ್ದುಗಳು ಉಳಿದಿರುತ್ತವೆ, ಅದಕ್ಕೇ ತಮಗೆ ಎಲ್ಲವೂ ಕೇಳಿಸುತ್ತದೆ ಎಂದುಕೊಂಡಿರುತ್ತಾರೆ. ಆದರೆ ನಿಮ್ಮ ಗಿರಣಿಯ ಡಾಕ್ಟರು ವರ್ಷ ವರ್ಷವೂ ನಿನ್ನ ಕಿವಿ ಪರೀಕ್ಷೆ ಮಾಡಿ ಸರಿಯಾಗಿದೆ ಎಂದು ಬರೆಯುತ್ತಾರೆ ಎಂದು ನೀನೇ ಹೇಳಿದ್ದೆ. ಹಾಗಿದ್ದರೆ ಎರಡರಲ್ಲಿ ಒಂದು ಸುಳ್ಳಾಗಬೇಕು.

ನಾನೇ ಒಂದು ಪೆಟ್ಟಿಗೆ ಮಾಡಿ ಕಳಿಸುತ್ತೇನೆ. ಇಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಹುಡುಗ ಹುಡುಗಿಯರಿಗೆ ಇದನ್ನೇ ಹೇಳಿಕೊಡುವುದು ನನ್ನ ಕೆಲಸ. ಬೆಂಕಿಪೊಟ್ಟಣದಷ್ಟಿರುವ ಬೋರ್ಡಿನ ಮೇಲೆ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಅದರೊಳಗೆ ಡ್ಯಾಕ್ ಎಂಬ ಒಂದು ಭಾಗವಿದೆ. ಸೊನ್ನೆಯಿಂದ 4095ರವರೆಗೆ ಯಾವ ಅಂಕಿ ಕೊಟ್ಟರೂ ಅದಕ್ಕೆ ತಕ್ಕಷ್ಟು ವೋಲ್ಟೇಜು ಹೊರಗೆ ಬಿಡುತ್ತದೆ. ಒಂದು ಅಲೆಯನ್ನು ಅರವತ್ತನಾಲ್ಕು ಅಂಕಿಗಳ ಪಟ್ಟಿ ಮಾಡಿ, ಒಂದಾದ ಮೇಲೊಂದು ಕೊಡುತ್ತಾ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಕೊಡುತ್ತಾ ಹೋದರೆ ಸ್ವರ ಹುಟ್ಟುತ್ತದೆ. ಬೇಗ ಕೊಟ್ಟರೆ ಕೀಚಲು, ನಿಧಾನವಾಗಿ ಕೊಟ್ಟರೆ ದಪ್ಪ. ಅಲೆ ಎಂದೆನಲ್ಲ, ನಿಜಕ್ಕೂ ಅದು ಮೆಟ್ಟಿಲು. ನೀನು ನೇಯುವ ಟ್ವಿಲ್ ಬಟ್ಟೆಯ ಓರೆ ಗೆರೆ ಹತ್ತಿರದಿಂದ ನೋಡಿದರೆ ಎಳೆ ಎಳೆಯ ಮೆಟ್ಟಿಲಲ್ಲವೇ, ಹಾಗೆ. ಕೊನೆಯಲ್ಲಿ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಹಾಕಿ ಮೆಟ್ಟಿಲನ್ನು ಸವರಿ ನುಣ್ಣಗೆ ಮಾಡುತ್ತೇನೆ.

ಐದು ಗುಂಡಿ ಇರುತ್ತವೆ, ದಪ್ಪದಿಂದ ಕೀಚಲಿನವರೆಗೆ ಐದು ಸ್ವರ. ಸದ್ದು ಏರಿಸಿ ಇಳಿಸಲು ಒಂದು ತಿರುಗಣೆ. ಯಾರನ್ನಾದರೂ ನಿನ್ನ ಬೆನ್ನ ಹಿಂದೆ ಕೂರಿಸಿ ಗುಂಡಿ ಒತ್ತಿಸು. ಕೇಳಿಸಿದರೆ ಬೆರಳೆತ್ತು. ಅವರು ಹಾಳೆಯಲ್ಲಿ ಗುಂಡಿಗೊಂದು ಸಾಲಿನಂತೆ ಗುರುತು ಹಾಕಲಿ.

ನಿನ್ನ ಮಗಳು

·

ಮಾರ್ಚ್ 3

ಮಗಳೇ,

ಪೆಟ್ಟಿಗೆ ಬಂತು. ನೋಡಲು ಸೋಪಿನ ಡಬ್ಬಿ, ಅಲ್ಲ, ಸೋಪಿನ ಡಬ್ಬಿಯೇ. ಮುಚ್ಚಳದ ಮೇಲೆ ಇನ್ನೂ ಸೋಪಿನ ವಾಸನೆ ಇದೆ. ಚೆನ್ನಾಗಿದೆ.

ಬೆನ್ನ ಹಿಂದೆ ಕೂರಲು ಕತ್ತರಿಯನ್ನು ಕರೆದೆ. ನಿನಗೆ ನೆನಪಿರಬೇಕು, ಎಂಟನೇ ಮಗ್ಗದವಳು. ಅವಳ ನಾಲಿಗೆಗೆ ಹೆದರಿ ಶೆಡ್ಡಿನವರೆಲ್ಲ ಇಟ್ಟ ಹೆಸರು ಈಗ ಅವಳ ಗಂಡನ ಬಾಯಲ್ಲೂ ಬಂದಿದೆ. ಭಾನುವಾರ ಬಂದು ಡಾಕ್ಟರಿಣಿಯ ಹಾಗೆ ಸೆರಗು ಸರಿಮಾಡಿಕೊಂಡು ಕೂತಳು. ಪೆಟ್ಟಿಗೆಯ ಜೊತೆ ನೀನು ಕಳಿಸಿದ ಹೆಡ್‌ಫೋನು ಹಾಕಿಕೊಂಡು ನಾನು ಗೋಡೆಗೆ ಮುಖ ಮಾಡಿ ಕೂತೆ. ಒತ್ತಿದಾಗಲೆಲ್ಲ ಬೆರಳೆತ್ತಿದೆ. ಐದು ಸಾಲಿಗೂ ಎತ್ತಿದೆ. ತಿರುಗಣೆ ಎಷ್ಟು ಇಳಿಸಿದರೂ ಎತ್ತಿದೆ. ಕತ್ತರಿಗೆ ಹೊಟ್ಟೆಕಿಚ್ಚಾಯಿತು, "ನಿಂಗೆ ಪಕ್ಕದ ಬೀದಿ ಜಗಳಾನೂ ಕೇಳ್ಸತ್ತೆ ಬಿಡು" ಎಂದಳು. ಹಾಳೆ ಇದರ ಜೊತೆಗಿದೆ.

ಒಂದು ಮಾತು ಬರೆಯಬೇಕೆಂದಿದ್ದೆ. ಇರಲಿ. ಹಾಳೆ ನೋಡಿ ನೀನೇ ಹೇಳು.

ನಿನ್ನ ಅಮ್ಮ

·

ಮಾರ್ಚ್ 8

ಅಮ್ಮ,

ಹಾಳೆ ನೋಡಿದೆ. ಮೂರು ಸಲ ನೋಡಿದೆ. ನಿನ್ನ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ಸಂತೋಷ ಪಡಬೇಕು, ಆದರೆ ಬರೆಯಲು ಕೈ ಏಳುತ್ತಿಲ್ಲ. ಏಕೆಂದರೆ ಇನ್ನು ನಿನ್ನ ಪರವಾಗಿ ಹೇಳಲು ಏನೂ ಉಳಿಯಲಿಲ್ಲ.

ಒಂದು ಮಾತು ಕೇಳುತ್ತೇನೆ, ಬೈಯಬೇಡ. ಗಾಡಿ ಬಂದದ್ದು ಗೊತ್ತಿದ್ದೂ, ಎಳೆ ಕಟ್ಟಿಯೇ ಏಳುತ್ತೇನೆ ಎಂದು ಹಟ ಹಿಡಿದೆಯಾ? ನಿನ್ನ ಹಟ ನನಗೆ ಹೊಸದಲ್ಲ. ನನ್ನ ಚಿಕ್ಕಂದಿನಲ್ಲಿ ಹಿಂದಿನಿಂದ ಎಷ್ಟು ಕೂಗಿದರೂ, ಮನಸ್ಸಿಲ್ಲದಿದ್ದರೆ ನೀನು ತಿರುಗಿಯೇ ನೋಡುತ್ತಿರಲಿಲ್ಲ. ನಾನು ಈ ಕೆಲಸಕ್ಕೆಂದು ಹೊರಟ ದಿನವೂ ಹಾಗೇ ಮಾಡಿದೆ. ನಾನು ಹೋಗುವುದು ನಿನಗೆ ಇಷ್ಟವಿರಲಿಲ್ಲ. ಬಸ್ಸು ಹತ್ತಿಸಿ ನೀನು ಹೊರಟೆ, ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ. ನೀನು ಹತ್ತು ಹೆಜ್ಜೆ ದೂರದಲ್ಲಿದ್ದೆ. ತಿರುಗಲಿಲ್ಲ. ಆರು ವರ್ಷವಾಯಿತು, ಅದನ್ನು ನಾನು ಯಾರಿಗೂ ಹೇಳಿಲ್ಲ.

ಇರಲಿ. ಈಗ ಕೆಲಸ ಉಳಿಯುವುದು ಮುಖ್ಯ. ಕ್ಷಮೆ ಕೇಳುವ ಕಾಗದವನ್ನು ನಾನೇ ಬರೆದು ಇದರೊಳಗೆ ಇಟ್ಟಿದ್ದೇನೆ. ಸಹಿ ಮಾಡಿ ಮ್ಯಾನೇಜರಿಗೆ ಕೊಡು. ನಿನ್ನ ಮರ್ಯಾದೆಗೆ ಕುಂದು ಬರದ ಹಾಗೆ ಬರೆದಿದ್ದೇನೆ.

ನಿನ್ನ ಮಗಳು

·

ಮಾರ್ಚ್ 29

ಮಗಳೇ,

ಇದನ್ನು ಬರೆಯುತ್ತಿರುವುದು ನೀನು ಕಳಿಸಿದ ಕ್ಷಮಾಪಣೆಯ ಹಿಂಬದಿಯಲ್ಲಿ. ಒಳ್ಳೆಯ ದಪ್ಪ ಕಾಗದ, ಸುಮ್ಮನೆ ಹಾಳು ಮಾಡಲು ಮನಸ್ಸಾಗಲಿಲ್ಲ. ಮುಂಭಾಗದಲ್ಲಿ ಸಹಿ ಇಲ್ಲ, ನೋಡಿಕೋ. ಹಾಕುವುದೂ ಇಲ್ಲ.

ಮೂರು ವಾರ ನಿನಗೆ ಬರೆಯಲಿಲ್ಲ, ಏಕೆಂದರೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಮ್ಯಾನೇಜರು ಬೇಕೆಂದೇ ಎಂದು ಬರೆದರೆ ತಡೆದುಕೊಂಡೆ. ಮಗಳೂ ಅದನ್ನೇ ಬರೆದಳು. ಆಮೇಲೆ ಸಿಟ್ಟು ನನ್ನ ಮೇಲೇ ತಿರುಗಿತು, ಯಾಕೆಂದರೆ ಅವತ್ತು ಬರೆಯಬೇಕೆಂದಿದ್ದ ಮಾತನ್ನು ನುಂಗಿಕೊಂಡವಳು ನಾನೇ.

ಕೇಳು. ನಿನ್ನ ಪೆಟ್ಟಿಗೆಯಲ್ಲಿ ನನಗೆ ಕೇಳಿಸಿದ್ದು ಟಕ್ ಎಂಬ ಸದ್ದು. ಯಾರೋ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಮೊದಲ ಮೂರು ಸಾಲಿನಲ್ಲಿ ಟಕ್ ಆದಮೇಲೆ ಏನೋ ಗುಂಯ್ ಎನ್ನುತ್ತಿತ್ತು. ನಾಲ್ಕನೆಯದರಲ್ಲಿ, ಐದನೆಯದರಲ್ಲಿ ಬರೀ ಟಕ್. ಅಲ್ಲಿಗೆ ಮುಗಿಯಿತು. ಟಕ್ ಎಂದಾಗಲೆಲ್ಲ ಬೆರಳೆತ್ತಿದೆ. ಆಮೇಲೆ ಕತ್ತರಿಗೆ ಹೆಡ್‌ಫೋನು ಹಾಕಿ ಕೇಳಿದೆ. ಅವಳಿಗೆ ನಾಲ್ಕನೆಯದು ಟಕ್ ಎಂದಾದ ಮೇಲೆ ಸಣ್ಣಗೆ ಹಾಡುತ್ತದಂತೆ. ಐದನೆಯದು ಅವಳಿಗೂ ಹಾಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಕೂತೆವು. ಕತ್ತರಿ ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಮತ್ತೇಕೆ ಬೆರಳೆತ್ತಿದೆ ಎಂದು ಕೇಳುತ್ತೀಯ. ಅಭ್ಯಾಸ, ಮಗಳೇ. ಹನ್ನೊಂದು ವರ್ಷದಿಂದ ಹೀಗೇ ಪಾಸಾಗಿದ್ದೇನೆ. ನಮ್ಮ ಡಾಕ್ಟರ ಯಂತ್ರದ ಗುಂಡಿ ಗಟ್ಟಿ. ಒತ್ತಿದರೆ ಅವರ ಮೊಣಕೈ ಅಲುಗುತ್ತದೆ, ಮೇಜು ಅದುರುತ್ತದೆ. ಅಂಗೈ ಮೇಜಿನ ಮೇಲಿಟ್ಟುಕೊಂಡು ಕೂತರೆ ಸಾಕು. ಶೆಡ್ಡಿನಲ್ಲಿ ಎಲ್ಲರಿಗೂ ಇದು ಗೊತ್ತು, ಯಾರೂ ಬಾಯಿಬಿಟ್ಟು ಆಡಿಲ್ಲ. ಪಾಸಾಗದಿದ್ದರೆ ಮಗ್ಗ ಹೋಗುತ್ತದೆ. ಮಾತಿಗೇನು, ಆ ಗದ್ದಲದಲ್ಲಿ ನಾವು ಮೊದಲಿನಿಂದಲೂ ತುಟಿ ನೋಡಿಯೇ ಮಾತಾಡುವವರು. ಹೊರಗೂ ಅದೇ ನಡೆಯಿತು. ಫೋನಿಗೆ ತುಟಿ ಇಲ್ಲವಲ್ಲ, ಅದಕ್ಕೇ ಲೈನು ಸರಿಯಿಲ್ಲ ಎನ್ನುತ್ತಿದ್ದೆ.

ನಾನು ಕಿವುಡಿ. ಬರೆದಾಯಿತು. ಇಷ್ಟು ವರ್ಷ ಕನ್ನಡಿಯ ಮುಂದೆಯೂ ಹೇಳಿಕೊಂಡಿರಲಿಲ್ಲ.

ಬಸ್ಸಿನ ಹತ್ತಿರ ನೀನು ಕೂಗಿದ್ದು ನನಗೆ ಗೊತ್ತೇ ಇಲ್ಲ. ಅಳು ಬರುತ್ತಿತ್ತು, ನೀನು ನೋಡಬಾರದೆಂದು ಬೇಗ ಬೇಗ ನಡೆದೆ. ಆರು ವರ್ಷ ನೀನು ಇದನ್ನು ಎದೆಯಲ್ಲಿಟ್ಟುಕೊಂಡಿದ್ದೀಯಲ್ಲ, ಒಂದು ಸಲ ಬೈದಾದರೂ ಬೈಯಬಾರದಾಗಿತ್ತೇ.

ಕ್ಷಮೆ ಕೇಳುವುದಿಲ್ಲ. ಅವರು ಕೇಳಲಿ.

ನಿನ್ನ ಅಮ್ಮ

·

ಏಪ್ರಿಲ್ 3

ಅಮ್ಮ,

ತಪ್ಪು ನನ್ನದು. ನಿನ್ನ ಕಾಗದ ಓದಿ ಲ್ಯಾಬಿಗೆ ಹೋದವಳೇ ಇನ್ನೊಂದು ಬೋರ್ಡು ತೆಗೆದು ಅದೇ ಪ್ರೋಗ್ರಾಮು ಹಾಕಿ, ಗುಂಡಿ ಒತ್ತುವ ಕ್ಷಣವನ್ನೇ, ಅಲೆಯ ಚಿತ್ರ ತೋರಿಸುವ ಆಸಿಲೋಸ್ಕೋಪಿನಲ್ಲಿ ಹಿಡಿದು ನೋಡಿದೆ. ಮೊದಲು ಪರೀಕ್ಷೆ ಮಾಡಿದಾಗ ಸ್ವರ ಸ್ಥಿರವಾದ ಮೇಲಿನ ಅಲೆಯನ್ನು ಮಾತ್ರ ನೋಡಿ, ಎಷ್ಟು ಚಂದ ಬಂದಿದೆ ಎಂದು ಹಿಗ್ಗಿದ್ದೆ. ಶುರುವಾಗುವ ಜಾಗ ನೋಡಿರಲೇ ಇಲ್ಲ.

ಅಲ್ಲಿ ಆಗುತ್ತಿದ್ದದ್ದು ಇದು. ಅಲೆ ಅರ್ಧ ಮೇಲೆ, ಅರ್ಧ ಕೆಳಗೆ ಓಡಾಡುತ್ತದೆ. ಡ್ಯಾಕ್‌ಗೆ ಸೊನ್ನೆಗಿಂತ ಕೆಳಗೆ ಹೋಗಲು ಬರುವುದಿಲ್ಲ. ಆದ್ದರಿಂದ ಅಲೆಯ ನಡುಗೆರೆಯನ್ನು 2048ರಲ್ಲಿ ಇಡುತ್ತೇವೆ. ಸ್ವರ ಇಲ್ಲದಿದ್ದಾಗಲೂ ಡ್ಯಾಕ್ ಅದೇ 2048ರಲ್ಲಿ ಕಾಯುತ್ತಿರಬೇಕು. ನಾನು ಸುಮ್ಮನಿರು ಎನ್ನಲು ಸೊನ್ನೆ ಬರೆದೆ. ಏನೂ ಇಲ್ಲ ಎಂದರೆ ಸೊನ್ನೆಯೇ ಅಲ್ಲವೇ ಎಂದುಕೊಂಡೆ. ಹಾಗಾಗಿ ಗುಂಡಿ ಒತ್ತಿದ ಕೂಡಲೇ ವೋಲ್ಟೇಜು ಸೊನ್ನೆಯಿಂದ ನಡುಗೆರೆಗೆ ಒಂದೇ ನೆಗೆತ ನೆಗೆಯುತ್ತಿತ್ತು. ಅದೇ ನಿನ್ನ ಟಕ್, ತಿರುಗಣೆ ಇಳಿಸಿದರೂ ಇಳಿಯದ್ದು. ಅದು ದಪ್ಪ ಸದ್ದು, ನಿನ್ನ ಕಿವಿಗೆ ಚೆನ್ನಾಗಿ ಸಿಗುತ್ತದೆ. ನನಗೆ ಅದರ ಬೆನ್ನಿಗೇ ಸ್ವರ ಕೇಳಿಸುತ್ತಿತ್ತು, ಟಕ್ ಕಡೆ ಗಮನವೇ ಹೋಗಲಿಲ್ಲ.

ಈಗ ಸರಿಮಾಡಿದ್ದೇನೆ. ಡ್ಯಾಕ್ ಸದಾ ನಡುಗೆರೆಯಲ್ಲಿ ಕಾಯುತ್ತದೆ. ಗುಂಡಿ ಒತ್ತಿದರೆ ಅಲೆ ಚಿಕ್ಕದಾಗಿ ಶುರುವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮೆಲ್ಲಗೆ ಬೆಳೆಯುತ್ತದೆ. ನಿಲ್ಲುವಾಗಲೂ ಮೆಲ್ಲಗೆ ಕರಗುತ್ತದೆ. ಹೊಸ ಪೆಟ್ಟಿಗೆಗೆ ಮೃದುವಾದ ಗುಂಡಿ ಹಾಕಿದ್ದೇನೆ. ಹಳೆಯದನ್ನು ಬಿಸಾಡಬೇಡ.

ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಈ ಪೆಟ್ಟಿಗೆಯ ಸ್ವರಗಳನ್ನು ಅಳೆದು ಒಂದು ಪತ್ರಕ್ಕೆ ಸಹಿ ಹಾಕಿಕೊಡಿ ಎಂದು ಕೇಳಿದೆ. ಅಳೆದರು, ಸರಿಯಾಗಿದೆ ಎಂದರು, ಪೆನ್ನು ಮಾತ್ರ ತೆಗೆಯಲಿಲ್ಲ. ಗಿರಣಿಯವರ ವ್ಯವಹಾರದಲ್ಲಿ ಕಾಲೇಜಿನ ಹೆಸರು ಬೇಡವಂತೆ, ನಾನೂ ದೂರವಿದ್ದರೆ ನನಗೇ ಒಳ್ಳೆಯದಂತೆ. ಲ್ಯಾಬಿನ ಮೀಟರು ಮುಟ್ಟಬೇಡ ಎಂದೂ ಹೇಳಿದರು. ಅಷ್ಟರಲ್ಲಿ ಅಳತೆ ಮುಗಿದಿತ್ತು. ಅಂಕಿಗಳನ್ನೆಲ್ಲ ಬರೆದು ಕೆಳಗೆ ನಾನೇ ಸಹಿ ಹಾಕಿದ್ದೇನೆ. ಮಾಡಿದವಳು ನಾನು, ಕೇಳುವವರು ನನ್ನನ್ನು ಕೇಳಲಿ.

ಆ ಮಾತು ಬರೆದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಬೇಕೆಂದೇ ಎಂಬ ಮಾತು.

ನಿನ್ನ ಮಗಳು

·

ಏಪ್ರಿಲ್ 14

ಮಗಳೇ,

ನಾಚಿಕೆ ಸಾಕು, ಕೆಲಸದ ಮಾತಿಗೆ ಬಾ.

ಹೊಸ ಪೆಟ್ಟಿಗೆಯ ಹೆಡ್‌ಫೋನು ಹಾಕಿಕೊಂಡು ಕೂತೆ. ಮೊದಲ ಮೂರು ಸಾಲಿಗೆ ಬೆರಳೆತ್ತಿದೆ. ಆಮೇಲೆ ಗೋಡೆ ನೋಡುತ್ತಾ ಕಾದೆ. ಕಾದೆ, ಕಾದೆ, ಈ ಕತ್ತರಿ ಒತ್ತದೆ ಯಾಕೆ ಕೂತಿದ್ದಾಳೆ ಎಂದು ಸಿಡಿಮಿಡಿಗೊಂಡು ಹಿಂದೆ ತಿರುಗಿದರೆ, ಅವಳು ಐದನೇ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದಾಳೆ, ತಿರುಗಣೆ ಪೂರ್ತಿ ಮೇಲಕ್ಕಿದೆ, ಕಣ್ಣಲ್ಲಿ ನೀರು. ನಾನು ಅಳಲಿಲ್ಲ. ಗೊತ್ತಿದ್ದದ್ದೇ ಅಲ್ಲವೇ.

ಮರುದಿನದಿಂದ ಪಾಳಿ ಮುಗಿದ ಮೇಲೆ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬರತೊಡಗಿದರು. ಕತ್ತರಿಯ ಬಾಯಲ್ಲಿ ಮಾತು ನಿಲ್ಲುತ್ತದೆಯೇ. ಈವರೆಗೆ ಹದಿನೇಳು ಜನ ಆದರು. ಹದಿನೇಳು ಹಾಳೆಯಲ್ಲೂ ಕೊನೆಯ ಸಾಲು ಖಾಲಿ, ಹನ್ನೆರಡರಲ್ಲಿ ನಾಲ್ಕನೆಯದೂ ಖಾಲಿ. ಗಾಡಿಯ ಕೂಗು ನಿನ್ನ ನಾಲ್ಕನೇ ಗುಂಡಿಗೆ ಸರಿಯಾಗಿ ಹೊಂದುತ್ತದೆ ಎಂದು ಗಾಡಿಯವನೇ ಬಂದು ಕೇಳಿ ಹೇಳಿದ. ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ.

ಮ್ಯಾನೇಜರಿಗೆ ಸುದ್ದಿ ಮುಟ್ಟಿದೆ. ನಿನ್ನೆ ಕರೆದು ಬಾಗಿಲು ಹಾಕಿಕೊಂಡು ನಯವಾಗಿ ಮಾತಾಡಿದರು. ಕಿವಿ ಕೇಳುವುದಿಲ್ಲ ಎಂದು ಬರೆದುಕೊಟ್ಟರೆ ನೋಟಿಸು ವಾಪಸು, ಆದರೆ ಕಿವಿ ಕೇಳದವರನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಗೌರವದಿಂದ ಮನೆಗೆ ಹೋಗಬಹುದು ಎಂದರು. ಕೇಳಿಸುತ್ತದೆ ಎಂದರೆ ಹೊರಗೆ, ಕೇಳಿಸುವುದಿಲ್ಲ ಎಂದರೂ ಹೊರಗೆ. ನಾನು ಹೇಳಿದೆ, "ಕಿವಿ ತಗೊಂಡಿದ್ದು ನಿಮ್ಮ ಶೆಡ್ಡು ಸಾರ್. ಮಗ್ಗಾನೂ ನೀವೇ ತಗೋತೀನಿ ಅಂದ್ರೆ ಹೇಗೆ?"

ಡಾಕ್ಟರು ತಮ್ಮ ಯಂತ್ರವೇ ಪ್ರಮಾಣ ಎನ್ನುತ್ತಾರಂತೆ. ಎನ್ನಲಿ. ಅದನ್ನೇ ನಾನೂ ಬಯಸಿದ್ದು.

ನಿನ್ನ ಅಮ್ಮ

·

ಏಪ್ರಿಲ್ 18

ಅಮ್ಮ,

ಏನು ಮಾಡಲು ಹೊರಟಿದ್ದೀಯ? ಆ ಕೊನೆಯ ಸಾಲು ಓದಿ ನನಗೆ ಭಯವಾಯಿತು. ನಾನು ಬರಲೇ? ರಜೆ ಕೇಳಿದರೆ ಮುಖ್ಯಸ್ಥರು ಕೊಡುವುದಿಲ್ಲ, ಕೊಡದಿದ್ದರೂ ಬರುತ್ತೇನೆ, ಒಂದು ಮಾತು ಬರೆ.

ಅವರ ಯಂತ್ರ ನಿಜಕ್ಕೂ ಸರಿಯಾಗಿಯೇ ಇರಬಹುದು. ಕೆಟ್ಟಿರುವುದು ಯಂತ್ರವಲ್ಲ, ಕೂರಿಸುವ ರೀತಿ. ಇದನ್ನು ಮರೆಯಬೇಡ. ಯಂತ್ರ ಕೆಟ್ಟಿದೆ ಎಂದು ನೀನು ಹೇಳಿದರೆ, ಅವರು ಸರಿಯಾಗಿದೆ ಎಂದು ತೋರಿಸಿ ಗೆದ್ದುಬಿಡುತ್ತಾರೆ.

ನಿನ್ನ ಮಗಳು

·

ಏಪ್ರಿಲ್ 26

ಮಗಳೇ,

ನಿನ್ನ ಕಾಗದ ವಿಚಾರಣೆಯ ಹಿಂದಿನ ದಿನ ಬಂತು. ಬರೆಯಲು ಹೊತ್ತಿರಲಿಲ್ಲ. ಬಂದರೆ ನೀನು ನನ್ನ ಬದಲು ಮಾತಾಡುತ್ತಿದ್ದೆ, ಅದಕ್ಕೇ ಮೊದಲೂ ಕರೆಯಲಿಲ್ಲ. ಆದರೆ ಕೂರಿಸುವ ರೀತಿ ಎಂಬ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದೆ.

ಆಫೀಸಿನ ಮೇಲಿನ ಕೋಣೆ. ಉದ್ದ ಮೇಜಿನ ಆ ತುದಿಗೆ ಮ್ಯಾನೇಜರು, ಡಾಕ್ಟರು. ನಡುವೆ ಹೊರಗಿನಿಂದ ಬಂದ ವಿಚಾರಣಾಧಿಕಾರಿ, ಒಬ್ಬ ಹೆಂಗಸು, ಮಾತು ಕಡಿಮೆ, ಪೆನ್ನಿನ ಓಟ ಜಾಸ್ತಿ. ನಾನು ಸೋಪಿನ ಡಬ್ಬಿ ಮೇಜಿನ ಮೇಲಿಟ್ಟಾಗ ಡಾಕ್ಟರು ನಕ್ಕರು. ಇದು ಆಟದ ಸಾಮಾನು, ಹನ್ನೊಂದು ವರ್ಷ ನನ್ನ ಯಂತ್ರದಲ್ಲಿ ಪಾಸಾದವರು ಈಗ ಕೆಲಸ ಉಳಿಸಿಕೊಳ್ಳಲು ಕಿವುಡಿನ ನಾಟಕ ಆಡುತ್ತಿದ್ದಾರೆ ಎಂದರು. ಹಾಗಾದರೆ ನಿಮ್ಮ ಯಂತ್ರದಲ್ಲೇ ನೋಡಿ, ವರ್ಷ ವರ್ಷ ಹೇಗೆ ನೋಡುತ್ತೀರೋ ಹಾಗೇ ನೋಡಿ ಎಂದೆ. ಅವರಿಗೆ ಖುಷಿಯೇ ಆಯಿತು. ಯಂತ್ರ ತರಿಸಿದರು.

ನಾನು ಎಂದಿನಂತೆ ಎದುರಿಗೆ ಕೂತೆ. ಹೆಡ್‌ಫೋನು ಹಾಕಿಕೊಂಡೆ. ಬಲ ಅಂಗೈ ಮೇಜಿನ ಮೇಲೆ, ಎಡಗೈ ಮಡಿಲಲ್ಲಿ. ಅಧಿಕಾರಿಣಿಗೆ, ಅಮ್ಮಾ, ದಯವಿಟ್ಟು ನನ್ನ ಪಕ್ಕಕ್ಕೆ ಬಂದು ಕೂರಿ ಎಂದು ಕೇಳಿದೆ. ಬಂದರು. ಡಾಕ್ಟರು ಒತ್ತಿದರು, ಬೆರಳೆತ್ತಿದೆ. ಒತ್ತಿದರು, ಎತ್ತಿದೆ. ಇಪ್ಪತ್ತು ಸಲ ಒತ್ತಿದರು, ಇಪ್ಪತ್ತು ಸಲ ಎತ್ತಿದೆ. ಒಂದೂ ತಪ್ಪಲಿಲ್ಲ. ಡಾಕ್ಟರು ಕುರ್ಚಿಗೆ ಒರಗಿದರು.

"ನೋಡಿದ್ರಲ್ಲ ಮೇಡಂ. ಇವರ ಕಿವಿ ನಮ್ಮೆಲ್ಲರ ಕಿವಿಗಿಂತ ಚೆನ್ನಾಗಿದೆ."

ನಾನು ಎಡಗೈಯನ್ನು ಮಡಿಲಿಂದ ತೆಗೆದು ಮೇಜಿನ ಮೇಲಿಟ್ಟು ಬಿಡಿಸಿದೆ. ಹೆಡ್‌ಫೋನಿನ ವೈರಿನ ತುದಿ ಅಂಗೈಯಲ್ಲಿತ್ತು. ಕೂರುವಾಗಲೇ ಯಂತ್ರದಿಂದ ಕಿತ್ತುಕೊಂಡಿದ್ದೆ.

"ಹನ್ನೊಂದು ವರ್ಷ ಹೀಗೇ ಕೇಳಿಸ್ಕೊಂಡಿದೀನಿ, ಡಾಕ್ಟ್ರೇ" ಎಂದೆ.

ಅಧಿಕಾರಿಣಿ ನನ್ನ ಅಂಗೈಯಿಂದ ವೈರು ತೆಗೆದುಕೊಂಡು, ಎದ್ದು ಹೋಗಿ ತಾವೇ ಯಂತ್ರಕ್ಕೆ ಸಿಕ್ಕಿಸಿದರು. ಯಂತ್ರವನ್ನು ಒಂದು ಸ್ಟೂಲಿನ ಮೇಲೆ ನನ್ನ ಬೆನ್ನ ಹಿಂದೆ ಇಡಿಸಿದರು. ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಲು ಹೇಳಿದರು. ದಪ್ಪ ಸ್ವರಗಳಿಗೆ ಎತ್ತಿದೆ. ಕೀಚಲು ಸ್ವರಗಳು ಯಾವಾಗ ಬಂದವೋ ಯಾವಾಗ ಹೋದವೋ ನನಗೆ ತಿಳಿಯದು. ಅವರು ನನ್ನ ಭುಜ ಮುಟ್ಟಿ ಮುಗಿಯಿತು ಎಂದಾಗಲೇ ಗೊತ್ತಾದದ್ದು. ಆ ಹಾಳೆಯನ್ನೂ, ನಿನ್ನ ಸಹಿಯ ಅಳತೆಪತ್ರದ ಜೊತೆ ನಾನು ಕೊಟ್ಟಿದ್ದ, ಕತ್ತರಿ ಗುರುತು ಹಾಕಿದ ನನ್ನ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಎರಡೂ ಒಂದೇ. ಅಳತೆಪತ್ರದ ಸಹಿ ಯಾರದು ಎಂದು ಕೇಳಿದರು. ಮಾಡಿದವಳದು, ನನ್ನ ಮಗಳು ಎಂದೆ. ನನ್ನ ಧ್ವನಿ ಜೋರಾಗಿರಬೇಕು, ಕಿಟಕಿಯ ಹತ್ತಿರದ ಗುಮಾಸ್ತ ತಿರುಗಿ ನೋಡಿದ.

ಆಗ ಮೇಜಿನ ಆ ತುದಿಯಲ್ಲಿ ಮ್ಯಾನೇಜರು ಡಾಕ್ಟರ ಕಡೆ ವಾಲಿ ಪಿಸುಗುಟ್ಟಿದರು. ಇವಳನ್ನು ಬಿಟ್ಟರೆ ಶೆಡ್ಡು ಪೂರ್ತಿ ಬಂದು ಕೂರುತ್ತದೆ ಎಂದು. ಬಾಯಿಗೆ ಕೈ ಅಡ್ಡ ಇಡಬೇಕೆಂದು ಅವರಿಗೆ ಹೊಳೆಯಲಿಲ್ಲ.

"ಬಂದು ಕೂತಾಗಿದೆ ಸಾರ್" ಎಂದೆ. "ಹೊರಗೆ ಬೆಂಚಿನ ಮೇಲಿದಾರೆ. ಹದಿನೇಳು ಜನ."

ಅಧಿಕಾರಿಣಿ ಎದ್ದು ಬಾಗಿಲು ತೆರೆದು ನೋಡಿದರು. ಮುಂದೆ ಕತ್ತರಿ ಕೂತಿದ್ದಳು, ಹಾಳೆಗಳ ಕಟ್ಟು ತೊಡೆಯ ಮೇಲೆ. ಇಂಥ ಅವಕಾಶ ಅವಳ ಜನ್ಮದಲ್ಲಿ ಬಂದಿರಲಿಲ್ಲ, ಆದರೂ ಒಂದು ಮಾತೂ ಆಡದೆ ಕಟ್ಟನ್ನು ಕೈಗೆ ಕೊಟ್ಟಳಂತೆ.

ನೋಟಿಸು ರದ್ದಾಯಿತು. ಬೇಕೆಂದೇ ಎಂಬ ಮಾತನ್ನು ಹೊಡೆದುಹಾಕಿ, ಪಕ್ಕದಲ್ಲಿ ಮ್ಯಾನೇಜರು ಸಹಿ ಮಾಡಬೇಕಾಯಿತು. ಶೆಡ್ಡಿನ ಎಲ್ಲರ ಕಿವಿಯನ್ನೂ ಹೊರಗಿನ ಆಸ್ಪತ್ರೆಯಲ್ಲಿ ನೋಡಿಸಬೇಕು, ಗಾಡಿಗೆ ದಪ್ಪ ಸದ್ದಿನ ಹಾರನ್ನೂ ಕೆಂಪು ದೀಪವೂ ಹಾಕಬೇಕು ಎಂದು ಬರೆದರು. ನನಗೆ ಬಟ್ಟೆ ಮಡಿಸುವ ಕೋಣೆಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು ಮ್ಯಾನೇಜರು. ಬೇಡ ಎಂದೆ. ಕಿವಿಗೆ ಹಾಕುವ ಮುಚ್ಚಳ ಕೊಡಿ, ಹದಿನೇಳು ಜನಕ್ಕೂ ಕೊಡಿ, ಏಳನೇ ಮಗ್ಗ ನನ್ನದೇ ಎಂದೆ. ಅಧಿಕಾರಿಣಿ ಅದನ್ನೂ ಬರೆದರು. ಡಾಕ್ಟರು ಯಾರನ್ನೂ ನೋಡದೆ ತಮ್ಮ ಯಂತ್ರ ತಾವೇ ಹೊತ್ತುಕೊಂಡು ಹೋದರು.

ನಿನ್ನೆ ಗಾಡಿಗೆ ಹಾರನ್ನು ಹಾಕುವ ಮೆಕ್ಯಾನಿಕ್ಕು ಬಂದಿದ್ದ. ಯಾವ ಸ್ವರ ಬೇಕು ಎಂದು ಕೇಳಿದ. ನಿನ್ನ ಪೆಟ್ಟಿಗೆ ತಂದು ಎರಡನೇ ಗುಂಡಿ ಒತ್ತಿ ತೋರಿಸಿದೆ. ಮಗ್ಗಗಳೆಲ್ಲ ಓಡುತ್ತಿರುವಾಗ ಬೆನ್ನು ತಿರುಗಿಸಿ ನಿಂತು ಕೇಳಿದೆವು. ಹದಿನೇಳು ಜನರೂ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

ನಿನ್ನ ಮುಖ್ಯಸ್ಥರು ಏನಾದರೂ ಅಂದರೆ ನನಗೆ ಬರೆ, ಒಂದು ಬಸ್ಸು ಹತ್ತಿದರೆ ನಾನೂ ಅಲ್ಲಿಗೆ ಬರಬಲ್ಲೆ. ಇನ್ನೊಂದು ಪೆಟ್ಟಿಗೆ ಮಾಡು, ನೂಲು ಸುತ್ತುವ ವಿಭಾಗದವರು ಕೇಳುತ್ತಿದ್ದಾರೆ. ಕಳಿಸಬೇಡ, ತೆಗೆದುಕೊಂಡು ಬಾ. ಬಂದು ನನ್ನ ಎದುರಿಗೆ, ಮುಖ ಕಿಟಕಿಯ ಬೆಳಕಿಗೆ ಮಾಡಿಕೊಂಡು ಕೂತು, ಅವತ್ತು ಬಸ್ಸಿನಿಂದ ಏನೆಂದು ಕೂಗಿದೆ, ಅದನ್ನು ಹೇಳು.

ನಿನ್ನ ಅಮ್ಮ